ಹಿತ್ತಿಲಿನ ಮೋಟಾರು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ದುರ್ಗದ ಕೋಟೆಯನ್ನು ಕುರಿತು, ಮಾರಿಕಣಿವೆಯನ್ನು ಕುರಿತು, ವಿದ್ಯಾರ್ಥಿಗಳ ಶಿಸ್ತನ್ನು ಕುರಿತು ಲೇಖನಗಳು ಬರುವುದು ವಾಡಿಕೆ. ಅವು ಬರಬೇಕಾದುವೇ ಸರಿ. ಅಂಥ ಕಡೆ ಬಿ.ಎ. ತರಗತಿಯವನೊಬ್ಬನು ಮೋಟಾರು ಕಾರನ್ನು ಕುರಿತು ಬರೆಯಹೊರಟರೆ ಓದುವವರು ಹುಬ್ಬೇರಿಸಬಹುದು. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವವನಿಗೆ ಎಂಜಿನಿನ ಗೊಡವೆ ಏಕೆ ಎಂದು ಕೇಳಬಹುದು. ಗೊಡವೆ ಇದೆ. ಹಳೆಯ ಸಣ್ಣ ಕಾರಿಗೆ ದೊಡ್ಡ ಎಂಜಿನನ್ನು ಮನೆಯಲ್ಲಿಯೇ ಕೂಡಿಸಿ ಓಡಿಸುವ ಹವ್ಯಾಸ ಈಗ ನಮ್ಮ ಜಿಲ್ಲೆಗೂ ಬಂದಿದೆ. ಅದರ ಮೇಲೆ ಹಾಸ್ಟೆಲಿನಲ್ಲಿಯೂ ಹೊಳಲ್ಕೆರೆ ಬಸ್ಸಿನಲ್ಲಿಯೂ ನಡೆಯುವ ವಾದವನ್ನು ನಾನು ಮೂರು ವರ್ಷಗಳಿಂದ ಕೇಳುತ್ತಿದ್ದೇನೆ. ಅದು ಹುಚ್ಚು ಎನ್ನುವವರುಂಟು, ಅಪರಾಧ ಎನ್ನುವವರುಂಟು, ಶ್ರೀಮಂತರ ಮಕ್ಕಳ ಚಾಳಿ ಎನ್ನುವವರೂ ಉಂಟು. ಇವರಲ್ಲಿ ಬಾನೆಟ್ಟನ್ನು ಎತ್ತಿ ನೋಡಿದವರು ಬಹಳ ಕಡಿಮೆ. ಅದು ವಿದ್ಯೆ, ಅದೂ ಮೊದಲ ದರ್ಜೆಯ ವಿದ್ಯೆ, ಎಂದು ಹೇಳುವುದು ಈ ಲೇಖನದ ಉದ್ದೇಶ. ಆ ವಿದ್ಯೆಗೆ ನಾವು ಒಂದು ಅಂಗಳವನ್ನು ಕೂಡ ಕೊಟ್ಟಿಲ್ಲವೆಂಬುದೇ ನನ್ನ ದೂರು.

ಮೊದಲಿಗೇ ಒಂದು ಮಾತು ತಿಳಿಸಿಬಿಡಬೇಕು. ಸೈಲೆನ್ಸರನ್ನು ಕತ್ತರಿಸಿ, ಹಿಂಭಾಗಕ್ಕೆ ಪ್ಲಾಸ್ಟಿಕ್ಕಿನ ರೆಕ್ಕೆ ತಗುಲಿಸಿ, ಗಾಜಿಗೆ ಕಪ್ಪು ಹಾಳೆ ಅಂಟಿಸಿ, ರಾತ್ರಿ ಹತ್ತಕ್ಕೆ ಆಸ್ಪತ್ರೆಯ ಬೀದಿಯಲ್ಲಿ ಪಟಪಟನೆ ಸದ್ದು ಮಾಡುವವರ ಪರವಾಗಿ ನಾನು ವಾದಿಸುತ್ತಿಲ್ಲ. ಅವರು ಏನನ್ನೂ ಕಟ್ಟಿಲ್ಲ. ಅಂಗಡಿಯಲ್ಲಿ ಕೊಂಡಿದ್ದಾರೆ, ಅಷ್ಟೆ. ಅವರ ಗಾಡಿಯ ವೇಗ ಹೆಚ್ಚಿರುವುದಿಲ್ಲ, ನಮ್ಮ ತಲೆನೋವು ಮಾತ್ರ ಹೆಚ್ಚಿರುತ್ತದೆ. ಪೊಲೀಸಿನವರು ಅವರಿಗೆ ದಂಡ ಹಾಕಿದರೆ ನಾನು ಸಂತೋಷಪಡುವವನೇ. ನಾನು ಹೇಳುವುದು ಇನ್ನೊಂದು ಜಾತಿಯವರನ್ನು ಕುರಿತು.

ಹಿರಿಯೂರಿನಲ್ಲಿರುವ ನನ್ನ ದೊಡ್ಡಪ್ಪನ ಮಗ ಈ ಎರಡನೆಯ ಜಾತಿಯವನು. ಮನೆಯಲ್ಲಿ ಅಣ್ಣ ಎನ್ನುತ್ತೇನೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗಣಿತದಲ್ಲಿ ನಪಾಸಾಗಿ ಎಸ್.ಎಸ್.ಎಲ್.ಸಿ.ಗೆ ಶರಣು ಹೊಡೆದವನು. ಹದಿನಾರನೆಯ ವಯಸ್ಸಿಗೆ ಲಾರಿ ಗ್ಯಾರೇಜಿಗೆ ಸೇರಿ ಈಗ ಅಲ್ಲಿಯೇ ಮೇಸ್ತ್ರಿಯಾಗಿದ್ದಾನೆ. ಎಂಜಿನು ಹಿಡಿದುಹೋಗಿದ್ದ ಒಂದು ಮಾರುತಿ 800 ಕಾರನ್ನು ಗುಜರಿಯವರಿಂದ ಕೊಂಡು ತಂದ. ಅಪಘಾತದಲ್ಲಿ ಹಿಂಭಾಗ ನುಜ್ಜುಗುಜ್ಜಾಗಿದ್ದ ಮಾರುತಿ ಎಸ್ಟೀಮ್ ಕಾರೊಂದರ ಎಂಜಿನು, ಗೇರ್‌ಬಾಕ್ಸು, ವೈರಿಂಗು, ಕಂಪ್ಯೂಟರು ಇವಿಷ್ಟನ್ನೂ ಒಟ್ಟಿಗೆ ಸಂಪಾದಿಸಿದ. ಹಿತ್ತಿಲಿನಲ್ಲಿ ದನ ಕಟ್ಟುತ್ತಿದ್ದ ತೆಂಗಿನ ಗರಿಯ ಚಪ್ಪರವೇ ಕಾರಖಾನೆಯಾಯಿತು. ಭಾನುವಾರಗಳನ್ನು ಕೂಡಿಸಿ ಕೂಡಿಸಿ ಮೂರು ವರ್ಷ.

ತಿಳಿಯದವರಿಗೆ ಎರಡು ಮಾತು. ಮಾರುತಿ 800 ನಮ್ಮ ದೇಶದ ರಸ್ತೆಗೆ ಬಂದುದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತುದು 2014ರ ಜನವರಿಯಲ್ಲಿ. ಮೂರು ಸಿಲಿಂಡರು, 796 ಸಿ.ಸಿ., ಸುಮಾರು 37 ಅಶ್ವಶಕ್ತಿ, ಸುಮಾರು 650 ಕಿಲೋ ತೂಕ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆಗೆ ಹೋಗಿಬರಲು ಮಾಡಿದ ಸಾಧು ಗಾಡಿ. ಎಸ್ಟೀಮಿನದು ನಾಲ್ಕು ಸಿಲಿಂಡರು, 1298 ಸಿ.ಸಿ.; ಅದರ ಕೊನೆಯ ವರ್ಷಗಳ ಮಾದರಿಗೆ 85 ಅಶ್ವಶಕ್ತಿ. ಅಣ್ಣನ ಗಾಡಿ ಮುಗಿಯುತ್ತ ಬಂದಾಗ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ವೇ ಬ್ರಿಡ್ಜಿನಲ್ಲಿ ತೂಗಿಸಿದರು. ಟೆಂಪೋದ ತೂಕ ಕಳೆದು ಉಳಿದುದು ಸುಮಾರು 710 ಕಿಲೋ. ಮೊದಲು ಒಂದು ಟನ್ನಿಗೆ 57 ಅಶ್ವಶಕ್ತಿ ಇದ್ದುದು ಈಗ 120 ಆಯಿತೆಂದು ಲೆಕ್ಕ. ಎರಡರಷ್ಟು. ಒಂದು ಜೊತೆ ಎತ್ತು ಎಳೆಯುತ್ತಿದ್ದ ಗಾಡಿಗೆ ಎರಡು ಜೊತೆ ಹೂಡಿದಂತೆ.

ಈ ಲೆಕ್ಕವನ್ನೆಲ್ಲ ಆತ ಸೀಮೆಸುಣ್ಣದಿಂದ ಕೊಟ್ಟಿಗೆಯ ಬಾಗಿಲಿನ ಮೇಲೆ ಬರೆದಿದ್ದಾನೆ. ಬೋರು 7.4 ಸೆಂಟಿಮೀಟರು, ಸ್ಟ್ರೋಕು 7.55, ಅದನ್ನು ವೃತ್ತದ ಕ್ಷೇತ್ರಫಲಕ್ಕೆ ಗುಣಿಸಿ, ನಾಲ್ಕರಿಂದ ಗುಣಿಸಿದರೆ 1298. ನಾನು ಕಾಗದದ ಮೇಲೆ ಮಾಡಿ ನೋಡಿದೆ, ಸರಿಯಾಗಿಯೇ ಬಂದಿತು. ಗಣಿತದಲ್ಲಿ ನಪಾಸಾದವನ ಲೆಕ್ಕ ಇದು. ಶಾಲೆಯಲ್ಲಿ ಸಿಲಿಂಡರಿನ ಘನಫಲವನ್ನು ಕಲಿಸಿದಾಗ ಇದು ಯಾವ ಸಿಲಿಂಡರೆಂದು ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ!

ಎಂಜಿನನ್ನು ಎತ್ತಿ ಕೂರಿಸುವುದು ಎಲ್ಲರೂ ತಿಳಿದಂತೆ ದೊಡ್ಡ ಕೆಲಸವಲ್ಲ. ಸರಪಳಿ ರಾಟೆ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಅನಂತರ ಶುರುವಾಗುವುದು ನಿಜವಾದ ಗೋಳು. ಮೂರು ಸಿಲಿಂಡರಿಗಾಗಿ ಮಾಡಿದ ರೇಡಿಯೇಟರು ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ನಾಲ್ಕು ಸಿಲಿಂಡರನ್ನು ತಣಿಸಲಾರದು. ದೊಡ್ಡದನ್ನು ಇಡಲು ಮುಂದೆ ಜಾಗವಿಲ್ಲ. ಎರಡು ಗಾಡಿಗಳ ಅಗಲ ಬೇರೆ ಬೇರೆಯಾದ ಕಾರಣ ಚಕ್ರಕ್ಕೆ ಹೋಗುವ ಶಾಫ್ಟುಗಳ ಉದ್ದ ಹೊಂದುವುದಿಲ್ಲ. ಕತ್ತರಿಸಿ ವೆಲ್ಡಿಂಗ್ ಮಾಡಿಸು ಎಂದು ಸಲಹೆ ಕೊಟ್ಟವರು ಹತ್ತು ಮಂದಿ. ವೆಲ್ಡಿಂಗ್ ಮಾಡಿದ ಶಾಫ್ಟು ನಿಂತಲ್ಲಿ ಮುರಿಯುವುದಿಲ್ಲ, ಓಡುವಾಗ ಮುರಿಯುತ್ತದೆ ಎಂದು ಹೇಳಿ ಅಣ್ಣ ಒಪ್ಪಲಿಲ್ಲ. ಬೆಂಗಳೂರಿನ ಪೀಣ್ಯಕ್ಕೆ ಎರಡು ಸಲ ಹೋಗಿ, ಶಾಫ್ಟನ್ನು ಗಿಡ್ಡ ಮಾಡಿಸಿ, ತುದಿಯ ಹಲ್ಲುಗಳನ್ನು ಹೊಸದಾಗಿ ಕೊರೆಸಿಕೊಂಡು ಬಂದ. ಆ ಎರಡು ಸಲದ ಬಸ್ಸಿನ ಖರ್ಚಿಗೂ ಮನೆಯಲ್ಲಿ ಮಾತು ಕೇಳಬೇಕಾಯಿತು.

ವೈರಿಂಗಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಕಾರ್ಬುರೇಟರಿನ ಹಳೆಯ ಗಾಡಿಗೆ ಹತ್ತು ಹನ್ನೆರಡು ತಂತಿಗಳಿದ್ದರೆ ತೀರಿತು. ಕಂಪ್ಯೂಟರಿನ ಎಂಜಿನಿಗೆ ಜಡೆಯಂತೆ ಹೆಣೆದ ತಂತಿಗಳ ಕಂತೆಯೇ ಬೇಕು; ಪೆಟ್ರೋಲ್ ಟ್ಯಾಂಕಿನೊಳಗೆ ಒತ್ತಡದ ಪಂಪು ಬೇಕು, ಮಿಕ್ಕ ಪೆಟ್ರೋಲ್ ಹಿಂದಿರುಗಲು ಬೇರೆ ಕೊಳವೆ ಬೇಕು. ಆ ಕಂತೆಯನ್ನು ಬಿಡಿಸಿದವರು ನಮ್ಮ ಅತ್ತಿಗೆ. ಮನೆಯಲ್ಲಿ ರವಿಕೆ ಹೊಲಿದು ಸಂಸಾರಕ್ಕೆ ನೆರವಾಗುವವರು ಅವರು. ನಕ್ಷೆಯನ್ನು ಚಾಪೆಯ ಮೇಲೆ ಹರಡಿ, ಕಪ್ಪಿನ ಮೇಲೆ ಹಳದಿ ಗೆರೆ, ನೀಲಿಯ ಮೇಲೆ ಕೆಂಪು ಗೆರೆ ಎಂದು ದಾರದ ಉಂಡೆಗಳನ್ನು ವಿಂಗಡಿಸುವಂತೆ ವಿಂಗಡಿಸಿ, ಪ್ರತಿಯೊಂದಕ್ಕೂ ಬಟ್ಟೆಯ ಚೂರಿನಿಂದ ಗುರುತು ಕಟ್ಟಿದರು. ಎಂಜಿನು ಮೊದಲ ಸಲ ಚಾಲೂ ಆದುದು ಅವರ ಕಣ್ಣಿನ ದೆಸೆಯಿಂದ ಎಂದು ಅಣ್ಣನೇ ಹೇಳುತ್ತಾನೆ. ಅತ್ತಿಗೆಯವರು ಮಾತ್ರ, "ನಿಮ್ಮಣ್ಣ ಈ ತಂತಿಗೆ ಕೊಟ್ಟ ದುಡ್ಡಲ್ಲಿ ಒಂದು ಹೊಸ ಹೊಲಿಗೆ ಮಿಷನ್ನು ಬರ್ತಿತ್ತು" ಎನ್ನುತ್ತಾರೆ. ಎರಡೂ ನಿಜ.

ಕಂಪ್ಯೂಟರು ಏಕೆ, ಹಳೆಯ ಕಾರ್ಬುರೇಟರೇ ಸಾಲದೇ ಎಂದು ನಾನು ಕೇಳಿದ್ದುಂಟು. ದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರು ಎತ್ತರದಲ್ಲಿದೆ ಎಂಬುದನ್ನು ಭೂಗೋಳದಲ್ಲಿ ಓದಿದ್ದೇವೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಏಳೆಂಟು ಪಾಲು ತೆಳುವು. ಎಂಜಿನು ಉಸಿರಾಡುವುದು ಆ ಗಾಳಿಯನ್ನೇ. ಕಂಪ್ಯೂಟರು ಒಳಗಿನ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಅದಕ್ಕೆ ತಕ್ಕಷ್ಟೇ ಚಿಮುಕಿಸುತ್ತದೆ. ಕಾರ್ಬುರೇಟರಿಗೆ ಈ ವಿವೇಕವಿಲ್ಲ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ದಿನವೂ ನೋಡುವ ನಮಗೆ ಗಾಳಿಗೂ ತೂಕವಿದೆ ಎಂಬುದು ಹೊಳೆಯಲು ಒಂದು ಹಳೆಯ ಎಸ್ಟೀಮ್ ಬೇಕಾಯಿತು.

ಇದೆಲ್ಲ ಹಳ್ಳಿ ಹುಡುಗರ ಹುಚ್ಚೆಂದು ಭಾವಿಸುವವರು ಮೋಟಾರುಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಇಂಗ್ಲೆಂಡಿನಲ್ಲಿ 1959ರಲ್ಲಿ ಮಿನಿ ಎಂಬ ಪುಟ್ಟ ಕಾರು ಹೊರಬಂದಿತು. 848 ಸಿ.ಸಿ., 34 ಅಶ್ವಶಕ್ತಿ; ನಮ್ಮ 800ಕ್ಕೆ ಅಣ್ಣನಂತೆ ಇದ್ದ ಗಾಡಿ. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್, 1930ರ ದಶಕದಲ್ಲಿ, ಗೆಳೆಯ ಜಾರ್ಜ್ ಡೌಸನ್ನನನ್ನು ಕೂಡಿಕೊಂಡು ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಕೈಯಿಂದಲೇ ಒಂದು ಹಗುರವಾದ ರೇಸ್ ಕಾರನ್ನು ಕಟ್ಟಿದ್ದವನು. ರೇಸ್ ಕಾರುಗಳ ತಯಾರಕ ಜಾನ್ ಕೂಪರ್ ಈ ಮಿನಿಯನ್ನು ತಿದ್ದಿ 1961ರಲ್ಲಿ 55 ಅಶ್ವಶಕ್ತಿಯ ಮಿನಿ ಕೂಪರ್ ಬರುವಂತೆ ಮಾಡಿದ. 1964ರಲ್ಲಿ ಅದರ ಇನ್ನೂ ಬಲವಾದ ರೂಪವೊಂದು ತನಗಿಂತ ಎಷ್ಟೋ ದೊಡ್ಡ ಗಾಡಿಗಳನ್ನು ಹಿಂದೆ ಹಾಕಿ ಮಾಂಟೆ ಕಾರ್ಲೊ ರ್ಯಾಲಿಯನ್ನು ಗೆದ್ದಿತು. ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ ತನ್ನ ಮೊದಲ ಕಾರನ್ನು 1948ರಲ್ಲಿ ಕಟ್ಟಿದುದು ಹಳೆಯ ಆಸ್ಟಿನ್ ಗಾಡಿಯೊಂದರ ಮೇಲೆ, ತಾನು ಮುಂದೆ ಮದುವೆಯಾಗಲಿದ್ದ ಹುಡುಗಿಯ ತಂದೆತಾಯಿಗಳ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಮಾವನ ಮನೆಯ ಹಿತ್ತಿಲಿಗೂ ಚರಿತ್ರೆಯಲ್ಲಿ ಸ್ಥಾನವಿದೆ ಎಂದಾಯಿತು!

ನಮ್ಮ ಕಡೆಯವರೂ ಇದ್ದಾರೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ ಎಂಜಿನುಗಳನ್ನೇ ಇಟ್ಟು ಒಂಟಿ ಆಸನದ ರೇಸ್ ಕಾರುಗಳನ್ನು ತಯಾರಿಸಿ, ಸಾಧಾರಣ ಹುಡುಗರಿಗೂ ರೇಸು ಎಟಕುವಂತೆ ಮಾಡಿದರು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಓಟದ ಪಥಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಬೆಂಗಳೂರಿನ ಚೇತನ್ ಮೈನಿ ಅವರು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸೂರ್ಯಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು. 2001ರಲ್ಲಿ ಬೆಂಗಳೂರಿನ ಬೀದಿಗಳಿಗೆ ರೇವಾ ಎಂಬ ವಿದ್ಯುತ್ ಕಾರನ್ನು ತಂದರು. ಇವರಿಬ್ಬರೂ ಅನುಕೂಲವಂತರ ಮನೆಯವರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಅದೇ ನನ್ನ ವಾದ. ಅನುಕೂಲವಂತರ ಮಗ ಎಂಜಿನನ್ನು ಬಿಚ್ಚಿದರೆ ಪ್ರಯೋಗ. ಲಾರಿ ಗ್ಯಾರೇಜಿನವನು ಬಿಚ್ಚಿದರೆ ಕೆಲಸಗೇಡಿತನ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ತಾವೇ ಗಾಡಿ ಕಟ್ಟಿ ಓಡಿಸಲು ಬಾಹಾ ಎಂಬ ಸ್ಪರ್ಧೆ 2007ರಿಂದ ನಮ್ಮ ದೇಶದಲ್ಲಿ ನಡೆಯುತ್ತಿದೆ; ಕಾಲೇಜು ಹಣ ಕೊಡುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಬಹಳ ಒಳ್ಳೆಯದು. ಹಿತ್ತಿಲಿನವನಿಗೆ ಏನಿದೆ?

ಇಲ್ಲಿ ವೇಗದ ಮಾತು ಬರುತ್ತದೆ. ನನ್ನ ಅಧ್ಯಾಪಕರೊಬ್ಬರು, "ನಿನ್ನ ಅಣ್ಣ ಕಟ್ಟಿದುದು ಯಾರನ್ನಾದರೂ ಕೊಲ್ಲುವುದಕ್ಕೆ ಆಗಬಾರದಪ್ಪ" ಎಂದರು. ಅವರ ಮಾತು ನ್ಯಾಯವಾದುದು. ಹಿರಿಯೂರಿನಿಂದ ದುರ್ಗದವರೆಗೆ ನಮ್ಮ ಹಳ್ಳಿಗಳ ಮಗ್ಗುಲಲ್ಲಿಯೇ ಹರಿಯುವ 48ನೆಯ ಹೆದ್ದಾರಿಯನ್ನು ದನಗಳೂ ಮುದುಕರೂ ಶಾಲೆಯ ಮಕ್ಕಳೂ ದಾಟುತ್ತಾರೆ. ಆದುದರಿಂದ ಮನೆಯಲ್ಲಿ ಕಟ್ಟಿದ ಗಾಡಿಯನ್ನು ಅಳೆಯಬೇಕಾದುದು ಎಂಜಿನಿನಿಂದಲ್ಲ, ಬ್ರೇಕಿನಿಂದ ಎಂದು ನನ್ನ ದೃಢವಾದ ಅಭಿಪ್ರಾಯ. ವೇಗ ಎರಡರಷ್ಟಾದರೆ ನಿಲ್ಲಿಸಲು ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಸುಖವಾಗಿ ನಿಲ್ಲುವ ಗಾಡಿ 120ರಲ್ಲಿ ಅದರ ನಾಲ್ಕರಷ್ಟು ಕಾವನ್ನು ಅದೇ ಅಂಗೈಯಗಲದ ತಟ್ಟೆಯಲ್ಲಿ ನುಂಗಬೇಕು. 800ರ 12 ಅಂಗುಲದ ಚಕ್ರದೊಳಗೆ ದೊಡ್ಡ ತಟ್ಟೆ ಹಿಡಿಸುವುದೇ ಇಲ್ಲ. ಅಣ್ಣ ಚಕ್ರವನ್ನು 13 ಅಂಗುಲಕ್ಕೆ ಏರಿಸಿ, ಎಸ್ಟೀಮಿನ ಡಿಸ್ಕನ್ನು ಹಬ್ಬಿನ ಸಮೇತ ಕೂರಿಸಿದ. ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಆಸನವನ್ನು ತೆಗೆದು ಹಿಂಬದಿ ಹಗುರವಾದುದರಿಂದ, ಬ್ರೇಕು ತುಳಿದೊಡನೆ ಹಿಂಚಕ್ರಗಳು ಮೊದಲು ಬಿಗಿದು ಗಾಡಿ ಬುಗುರಿಯಂತೆ ತಿರುಗುವ ಅಪಾಯವಿತ್ತು. ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವ ವಾಲ್ವು ಹಾಕಿ, ಅದನ್ನು ತಿರುವಿ ತಿರುವಿ ಸರಿಮಾಡುವುದರಲ್ಲಿ ಒಂದು ಬೇಸಗೆ ಕಳೆಯಿತು. ಎಂಜಿನಿಗಿಂತ ಹೆಚ್ಚು ದಿನ ತಿಂದುದು ಬ್ರೇಕೇ. ಅಂದ ಹಾಗೆ, ಮೇಲೆ ಹೇಳಿದ ಮಿನಿ ಕೂಪರಿಗೆ ಬಲ ಹೆಚ್ಚಿಸಿದಾಗ ಜೊತೆಯಲ್ಲಿಯೇ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಕೊಟ್ಟಿದ್ದರು. ಬೀದಿಯಲ್ಲಿ ಸದ್ದು ಮಾಡುವವರನ್ನು ನಿಲ್ಲಿಸಿ, ಬ್ರೇಕಿಗೆ ಎಷ್ಟು ಖರ್ಚು ಮಾಡಿದೆಯಪ್ಪಾ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದುದಕ್ಕಿಂತ ಬೇರೆಯಾಗುವಂತೆ ಯಾವ ಮಾಲೀಕನೂ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಣ್ಣನ ಗಾಡಿಯಲ್ಲಿರುವ ಬದಲಾವಣೆಗಳನ್ನು ಎಣಿಸಿದರೆ ದಂಡವೇ ಗಾಡಿಯ ಬೆಲೆಯನ್ನು ಮೀರುತ್ತದೆ. ವಿಮೆಯೂ ಕೈಕೊಡುತ್ತದೆ.

ಕಾನೂನು ಅನ್ಯಾಯವೆಂದು ನಾನು ಕೂಗಾಡುವುದಿಲ್ಲ. ಯಾವ ಹಿತ್ತಿಲಿನಲ್ಲಿ ಯಾರು ವೆಲ್ಡಿಂಗ್ ಮಾಡಿದ ಶಾಫ್ಟನ್ನು ಹಾಕಿದ್ದಾರೋ ಯಾರು ಪೀಣ್ಯಕ್ಕೆ ಹೋಗಿಬಂದರೋ ರಸ್ತೆಯಲ್ಲಿ ನಿಂತ ಇನ್ಸ್‌ಪೆಕ್ಟರಿಗೆ ತಿಳಿಯುವುದು ಹೇಗೆ? ಸಾರ್ವಜನಿಕ ರಸ್ತೆ ಸರ್ವರದು. ಅಲ್ಲಿ ಇಂಥ ಗಾಡಿ ಬೇಡ. ಅಣ್ಣನೂ ತನ್ನ ಗಾಡಿಯನ್ನು ಹಿತ್ತಿಲಿನ ಗೇಟು ದಾಟಿಸಿದುದು ಟೆಂಪೋದ ಮೇಲೆಯೇ ಹೊರತು ಅದರ ಚಕ್ರದ ಮೇಲಲ್ಲ. ಆದರೆ ರಸ್ತೆಯಲ್ಲಿ ಬೇಡ ಎಂದ ಮೇಲೆ ಎಲ್ಲಿ ಎಂಬುದನ್ನೂ ಹೇಳಬೇಕಷ್ಟೆ? ಸರಿಯಾದ ರೇಸ್ ಪಥ ಬೇಕಾದರೆ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. ಹಿರಿಯೂರಿನ ಮೇಸ್ತ್ರಿಗೆ ಗಾಡಿಯನ್ನು ಹೇರಿಕೊಂಡು ಅಲ್ಲಿಗೆ ಹೋಗಿಬರುವ ಬಾಡಿಗೆಯಲ್ಲಿ ಮನೆಯ ಎರಡು ತಿಂಗಳ ಸಾಮಾನು ಬರುತ್ತದೆ. ಎಲ್ಲಿಯೂ ಜಾಗವಿಲ್ಲವೆಂದಾಗ ತಾಳ್ಮೆಯುಳ್ಳವನು ಗಾಡಿಗೆ ತಾಡಪಾಲು ಹೊದಿಸುತ್ತಾನೆ. ತಾಳ್ಮೆಯಿಲ್ಲದವನು ರಾತ್ರಿ ಎರಡಕ್ಕೆ ಬೈಪಾಸಿಗೆ ಹೋಗುತ್ತಾನೆ. ಎರಡನೆಯವನನ್ನು ಬೈಯುವವರೆಲ್ಲ ಮೊದಲನೆಯವನಿಗೆ ಏನು ಮಾಡಿದ್ದೇವೆಂದು ಕೇಳಿಕೊಂಡದ್ದಿಲ್ಲ.

ದಾರಿ ಕಾಯಿದೆಯಲ್ಲಿಯೇ ಇದೆ. ಅದರ 189ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಓಟದ ಪಂದ್ಯವನ್ನೂ ವೇಗದ ಪರೀಕ್ಷೆಯನ್ನೂ ನಿಷೇಧಿಸುವುದು "ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ" ನಡೆಸಿದರೆ ಮಾತ್ರ. ಒಪ್ಪಿಗೆಯಿದ್ದರೆ ನಡೆಸಬಹುದು ಎಂದೇ ಅರ್ಥ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾಷ್ಟ್ರೀಯ ಮಟ್ಟದ ರ್ಯಾಲಿಗಳು ನಡೆದಿವೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಕೆ-1000 ಎಂಬ ರ್ಯಾಲಿಯನ್ನು ನಡೆಸುತ್ತ ಬಂದಿದ್ದಾರೆ. ನಮಗೆ ಅಷ್ಟು ದೊಡ್ಡದು ಬೇಡ. ಕೃಷಿ ಮಾರುಕಟ್ಟೆಯ ಪ್ರಾಂಗಣ ರಜೆಯ ದಿನ ಖಾಲಿ ಬಿದ್ದಿರುತ್ತದೆ. ಅಲ್ಲಿ ವರ್ಷಕ್ಕೆ ಒಂದು ಭಾನುವಾರ ಬೆಳಗ್ಗೆ ಆರರಿಂದ ಹತ್ತರವರೆಗೆ, ರಬ್ಬರ್ ಕೋನುಗಳನ್ನು ಇಟ್ಟು, ಒಂದು ಸಲಕ್ಕೆ ಒಂದೇ ಗಾಡಿ ಬಿಟ್ಟು ಗಡಿಯಾರ ಹಿಡಿಯುವುದು. ತಿರುವುಗಳನ್ನು ಹತ್ತಿರ ಹತ್ತಿರ ಇಟ್ಟರೆ ಯಾವ ಗಾಡಿಯೂ 60ನ್ನು ದಾಟಲಾರದು; ಕೈಚಳಕ ಗೆಲ್ಲುತ್ತದೆ, ಹಣ ಗೆಲ್ಲುವುದಿಲ್ಲ. ಓಟಕ್ಕಿಂತ ಮೊದಲು ನಿಲ್ಲುವ ಪರೀಕ್ಷೆ: 50ರ ವೇಗದಲ್ಲಿ ಬಂದು ಗೆರೆಯೊಳಗೆ, ನೆಟ್ಟಗೆ, ನಿಲ್ಲದಿದ್ದವನು ಮನೆಗೆ. ಗಾಡಿಗಳನ್ನು ತಪಾಸಣೆ ಮಾಡಲು ಸರ್ಕಾರಿ ಐ.ಟಿ.ಐ.ಯ ಬೋಧಕರನ್ನು ಕೇಳಬಹುದು. ಮೋಟಾರು ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟದ ನಿಯಮಗಳನ್ನು ಹೆಲ್ಮೆಟಿನಿಂದ ಹಿಡಿದು ಆಂಬುಲೆನ್ಸಿನವರೆಗೆ ಅಕ್ಷರಶಃ ಪಾಲಿಸುವುದು. ಬಹುಮಾನದ ಹಣ ಬೇಡ. ಹಣ ಬಂದರೆ ಸದ್ದಿನವರೂ ಬರುತ್ತಾರೆ.

ಇದರಿಂದ ಹೆದ್ದಾರಿಯ ಹುಚ್ಚಾಟ ನಿಂತುಬಿಡುತ್ತದೆಯೇ ಎಂದು ಕೇಳಿದರೆ, ಪೂರ್ತಿ ನಿಲ್ಲುವುದಿಲ್ಲ. ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ. ಬಂದವರಾದರೂ ಒಮ್ಮೆ ನಿಲ್ಲುವ ಪರೀಕ್ಷೆಯಲ್ಲಿ ನಪಾಸಾಗಿ ಹೋಗುತ್ತಾರೆ. ನಾಲ್ಕು ಜನರ ಎದುರು ಆದ ಆ ನಪಾಸು ದಂಡದ ಚೀಟಿಗಿಂತ ಹೆಚ್ಚು ದಿನ ನೆನಪಿರುತ್ತದೆ ಎಂದು ನನ್ನ ನಂಬಿಕೆ.

ದುಡ್ಡಿನ ಪ್ರಶ್ನೆಯನ್ನು ಮರೆತಿಲ್ಲ. ದೊಡ್ಡಪ್ಪನ ಪ್ರಶ್ನೆಯೇ ಅದು: "ಇಷ್ಟು ಸುರಿದೆಯಲ್ಲ, ಅದು ಹಾಲು ಕರೀತದಾ?" ಆ ದುಡ್ಡಿಗೆ ಎರಡು ಸೀಮೆಹಸು ಬರುತ್ತಿದ್ದವೆಂಬುದು ನಿಜ. ನಮ್ಮಂಥ ಮನೆಗಳಲ್ಲಿ ಇದು ನಗುವ ಮಾತಲ್ಲ. ನನ್ನ ಓದಿಗೂ ಇದೇ ಪ್ರಶ್ನೆ ಬಂದಿತ್ತು. ಹೊಸದುರ್ಗದಿಂದ ಬಂದು ದುರ್ಗದಲ್ಲಿ ಮೂರು ವರ್ಷ ಬಿ.ಎ. ಓದುತ್ತೇನೆಂದಾಗ, ನಮ್ಮ ವಂಶದಲ್ಲಿ ಯಾರೂ ಓದದೆ ಇದ್ದುದರಿಂದ, ಅದು ಏನು ಕರೆಯುತ್ತದೆಂದು ಯಾರಿಗೂ ಹೇಳಲು ಬರಲಿಲ್ಲ. ಆಗ ಮೊದಲ ವರ್ಷದ ಫೀಸಿಗೆ ಕೈಯಲ್ಲಿದ್ದುದನ್ನು ಕೊಟ್ಟವನು ಅಣ್ಣನೇ. ನನಗೆ ವರ್ಷದ ಕೊನೆಗೆ ಪರೀಕ್ಷೆ ಇದೆ, ಅಂಕಪಟ್ಟಿ ಇದೆ, ಸಭಾಂಗಣವಿದೆ. ಅವನ ಮೂರು ವರ್ಷಕ್ಕೆ ಪರೀಕ್ಷಕರಿಲ್ಲ.

ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರಕ್ಕೆ ಕಳುಹಿಸಲು ಒಂದು ಅರ್ಜಿಯ ಕರಡನ್ನು ಬರೆದಿಟ್ಟಿದ್ದೇನೆ. ಕಾಯಿದೆಯ ಕಲಮುಗಳನ್ನು ನೋಡಿ ತಿದ್ದಿಕೊಡಲು ರಾಜ್ಯಶಾಸ್ತ್ರದ ಅಧ್ಯಾಪಕರಲ್ಲಿ ಈಗಾಗಲೇ ಬೇಡಿಕೊಂಡಿದ್ದೇನೆ. ಸಹಿ ಹಾಕಲು ಮನಸ್ಸುಳ್ಳ ಸಹಪಾಠಿಗಳಿಗೆ ನಾನು ಸಂಜೆ ನಾಲ್ಕರ ಮೇಲೆ ವಾಚನಾಲಯದಲ್ಲಿ ಸಿಗುತ್ತೇನೆ. ಮೋಟಾರಿನ ಗಂಧವೇ ಇಲ್ಲದವರೂ ಬರಬಹುದು. ಕೋನುಗಳನ್ನು ಇಡುವುದಕ್ಕೂ ಗಡಿಯಾರ ಹಿಡಿಯುವುದಕ್ಕೂ ಬಹಳ ಜನ ಬೇಕಾಗುತ್ತಾರೆ.